ಸಿಗ್ನಲ್ ಪೇಟೆಯಲ್ಲಿ, ನಂಬಿಕೆ ಮನೆಯಲ್ಲಿ: ಓಟಿಪಿ ಬಾರದ ಊರಿನ ಲಾಗಿನ್ ಪಜೀತಿ

ಎರಡು ಹಂತದ ಪರಿಶೀಲನೆಯ ಲೆಕ್ಕ ಸರಳ. ನಿಮಗೆ ಗೊತ್ತಿರುವುದು ಒಂದು, ಅದು ಪಾಸ್‌ವರ್ಡ್. ನಿಮ್ಮ ಕೈಲಿರುವುದು ಇನ್ನೊಂದು, ಅದು ಫೋನ್. ಎರಡೂ ಸೇರಿದರೆ ನೀವು ನೀವೇ. ಆದರೆ ಎಸ್‌ಎಂಎಸ್ ಓಟಿಪಿ ಅಂದ ತಕ್ಷಣ ಮೂರನೆಯದೊಂದು ಸದ್ದಿಲ್ಲದೆ ಸೇರಿಕೊಳ್ಳುತ್ತೆ: ಟವರ್. ನಗರದಲ್ಲಿ ಕೂತು ಆ್ಯಪ್ ಮಾಡುವವರಿಗೆ ಅದು ಕಾಣಿಸೋದೇ ಇಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಣಿವೆ ಮನೆಗಳಲ್ಲಿ ಕಾಣಿಸುತ್ತೆ. ಅಲ್ಲಿ ಎಷ್ಟೋ ಕಡೆ ಮನೆಯೊಳಗೆ ವೈಫೈ ಇದೆ, ಸಿಗ್ನಲ್ ಬೇಕಂದ್ರೆ ಬೆಟ್ಟ ಹತ್ತಬೇಕು.

ಸಿದ್ದಾಪುರ ಕಡೆಯ ನನ್ನ ಸೋದರಮಾವನ ಫೋನು ಮಳೆಗಾಲದಲ್ಲಿ ತೋಟದ ಕಾಲುವೆಗೆ ಬಿತ್ತು. ಪೇಟೆಗೆ ಹೋಗಿ ಅದೇ ನಂಬರಿಗೆ ಹೊಸ ಸಿಮ್ ಮಾಡಿಸಿದರು. ಅಲ್ಲೇ ನಿಂತು ಮೇಲ್ ತೆರೆಯಲು ನೋಡಿದರೆ ಓಟಿಪಿ ಇಲ್ಲ. "ತಮಾ, ಆನು ಆನೇ ಹೇಳಿ ಈ ಫೋನಿಗೆ ಹ್ಯಾಂಗೆ ಹೇಳವೋ?" ಅಂದರು. ಸಿಮ್ ಬದಲಿಸಿದ ಮೇಲೆ 24 ಗಂಟೆ ಎಸ್‌ಎಂಎಸ್ ತಡೆಹಿಡಿಯುವ ನಿಯಮ 2022ರ ಕೊನೆಗೆ ಬಂದಿದೆ. ಕಳ್ಳರು ನಿಮ್ಮ ನಂಬರಿಗೆ ಸಿಮ್ ತೆಗೆಸಿ ಬ್ಯಾಂಕ್ ಖಾತೆ ಗುಡಿಸದಿರಲಿ ಅಂತ. ನಿಯಮ ಸರಿಯೇ, ಆದ್ರೆ ಮರುದಿನ ಮತ್ತೆ ಪೇಟೆ ಬಸ್ಸು ಹತ್ತಬೇಕು.

ಇಲ್ಲೇ ಇನ್ನೊಂದು ತಮಾಷೆ. ಖಾತೆ ಮರಳಿ ಪಡೆಯುವಾಗ ನೀವು ಹಿಂದೆ ಬಳಸಿದ ಲ್ಯಾಪ್‌ಟಾಪು, ಬ್ರೌಸರು, ಮಾಮೂಲಿ ಜಾಗದಿಂದಲೇ ಪ್ರಯತ್ನಿಸಿ ಅನ್ನುತ್ತೆ ಗೂಗಲ್. ಅಂದ್ರೆ ಓಟಿಪಿಗೆ ಪೇಟೆ ಬೇಕು, ನಂಬಿಕೆಗೆ ಮನೆ ಬೇಕು. ಹಾಗಾಗಿ ಪೇಟೆಯ ಸೈಬರ್ ಸೆಂಟರಿನಲ್ಲಿ ಕೂತು ಪದೇ ಪದೇ ಒತ್ತಬೇಡಿ. ವಾಟ್ಸ್ಆ್ಯಪ್ ಪಿನ್ ಮರೆತು, ಇಮೇಲನ್ನೂ ಕೊಟ್ಟಿರದಿದ್ದರೆ 7 ದಿನ ಕಾಯದೆ ದಾರಿಯಿಲ್ಲ.

ಟವರ್ ಬೇಡದ ದಾರಿ ಹಳೆಯದೇ. ಅಥೆಂಟಿಕೇಟರ್ ಆ್ಯಪ್‌ಗಳು ಬಳಸುವ ವಿಧಾನ 2011ರಲ್ಲೇ ಮಾನಕವಾಗಿ ಪ್ರಕಟವಾಯ್ತು. ಒಂದು ಗುಟ್ಟಿನ ಕೀ, ಈಗಿನ ಸಮಯ, ಇವೆರಡರಿಂದ ಸಾಮಾನ್ಯವಾಗಿ 30 ಸೆಕೆಂಡಿಗೊಂದು ಹೊಸ ಅಂಕಿ ಫೋನಿನೊಳಗೇ ಹುಟ್ಟುತ್ತೆ. ಗಡಿಯಾರ ಸರಿಯಿದ್ದರೆ ಸಾಕು. ಫೋನೇ ಕಾಲುವೆಗೆ ಬಿದ್ದರೆ? ಗೂಗಲ್ ಕೊಡುವ 10 ಬ್ಯಾಕಪ್ ಕೋಡ್‌ಗಳನ್ನು ಇವತ್ತೇ ಕಾಗದದ ಮೇಲೆ ಬರೆದು ಪಹಣಿ ಇಡುವ ಪೆಟ್ಟಿಗೆಯಲ್ಲಿಡಿ. ಒಂದೊಂದು ಒಂದೇ ಸಲ ನಡೆಯುತ್ತೆ.

ಆದರೆ ಇದು ಬರೀ ಬಳಕೆದಾರರ ಜಾಣತನದ ಪ್ರಶ್ನೆ ಅಲ್ಲ. ಡಿಜಿಟಲ್ ಸೇವೆ ತಲುಪುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಆ್ಯಸಿಡ್ ದಾಳಿಗೊಳಗಾದವರು, ಅಂಧರು ಇ-ಕೆವೈಸಿಯಲ್ಲಿ ಸೋಲುತ್ತಿದ್ದ ಪ್ರಕರಣ ಅದು. ಕಣ್ಣು ಮಿಟುಕಿಸಲಾಗದವರಿಗೆ ಬೇರೆ ದಾರಿ ಕೊಡಬೇಕು ಅಂದ ಮೇಲೆ ಟವರ್ ಇಲ್ಲದವರಿಗೂ ಕೊಡಿ ಅಂತ ಕೇಳಬಹುದು. ಶುರು ಮಾಡೋದಾದರೆ ಆಧಾರ್ ಓಟಿಪಿ ಕೇಳುವ ಸರ್ಕಾರಿ ಪೋರ್ಟಲ್‌ಗಳಿಂದಲೇ ಮಾಡಲಿ.