ಚೆಂಡು, ಚೀಟಿ, ಚರ್ಚೆ

ಪಂಪನು ಹಿರಿಯನೊ ಕುಮಾರವ್ಯಾಸನು ಹಿರಿಯನೊ ಎಂಬ ಪ್ರಶ್ನೆಯನ್ನೆತ್ತಿಕೊಂಡು ಮುಂದಿಟ್ಟ ಕಾಫಿ ಆರಿ ತಣ್ಣಗಾಗುವವರೆಗೆ ವಾದಿಸಬಲ್ಲವರು ನಮ್ಮ ಅಧ್ಯಾಪಕರ ಕೊಠಡಿಯಲ್ಲಿ ಇಂದಿಗೂ ಇದ್ದಾರೆ. ನಾನೂ ಅವರಲ್ಲೊಬ್ಬ. ಈ ವಾದಕ್ಕೆ ತೀರ್ಪಿಲ್ಲವೆಂಬುದು ಎಲ್ಲರಿಗೂ ಗೊತ್ತು. ತೀರ್ಪು ಬಂದುಬಿಟ್ಟರೆ ನಾಳೆ ಮಾತನಾಡಲು ಏನೂ ಉಳಿಯದೆಂಬುದೂ ಗೊತ್ತು. ಇಂಥ ರುಚಿ ಹತ್ತಿದ ನಾನು ೨೦೨೩ರ ಶರತ್ಕಾಲವನ್ನು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ, ಅಕ್ಕನ ಮನೆಯಲ್ಲಿ ಕಳೆದಾಗ, ಆ ಊರಿನವರ ವಾದ ನನಗೆ ಬಹುಬೇಗ ಒಗ್ಗಿತು. ಹೆಸರುಗಳು ಮಾತ್ರ ಬೇರೆ. ಹಳಬರು ಹಿಡಿದ ಹೆಸರು ಜಾನಿ ಯುನೈಟಸ್. ನಡುವಯಸ್ಸಿನವರದು ಜೋ ಮೊಂಟಾನ. ಈ ಇಬ್ಬರನ್ನೂ ಮೀರಿಸಿದವನು ಟಾಮ್ ಬ್ರೇಡಿ ಎಂದು ತರುಣರ ಪಟ್ಟು.

ಅಲ್ಲಿಯವರು ಫುಟ್‌ಬಾಲ್ ಎನ್ನುವ ಆಟ ನಾವು ಬಲ್ಲ ಕಾಲ್ಚೆಂಡಾಟವಲ್ಲ. ಚೆಂಡು ದುಂಡಗಿಲ್ಲ, ಎರಡು ತುದಿಗಳಲ್ಲಿಯೂ ಚೂಪಾಗಿ, ಸುಲಿದು ಜುಟ್ಟು ಬಿಟ್ಟ ತೆಂಗಿನಕಾಯಿಯಂತಿದೆ. ಅದನ್ನು ಒದೆಯುವುದು ಅಪರೂಪ. ಹೊತ್ತು ಓಡುವುದೂ ಎಸೆಯುವುದೂ ಹೆಚ್ಚು. ಕಡೆಗೆ ಹನ್ನೊಂದು ಜನ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವೆ ಚೆಂಡನ್ನು ಎದುರಾಳಿಗೆ ಬಿಟ್ಟುಕೊಡಬೇಕು. ಸಾಗುವ ಪಕ್ಷವನ್ನು ನಡೆಸುವವನೇ ಕ್ವಾರ್ಟರ್‌ಬ್ಯಾಕ್. ನಮ್ಮ ಯಕ್ಷಗಾನದ ಭಾಗವತನನ್ನು ನೆನೆದರೆ ಅವನ ಕೆಲಸ ಅರ್ಥವಾದೀತು. ಯಾವ ಪ್ರಸಂಗ, ಯಾವ ಪದ, ಯಾವಾಗ ಯಾರ ಪ್ರವೇಶ ಎಂಬುದೆಲ್ಲ ಅವನ ಬಾಯಿಂದಲೇ ಹೊರಡಬೇಕು. ಅವನ ಕೂಗಿಗೆ ಉಳಿದ ಹತ್ತು ಜನರೂ ಒಮ್ಮೆಗೇ ಕದಲಬೇಕು. ಭೇದವಿಷ್ಟೇ: ಪದ ಮುಗಿಯುವ ಮೊದಲೇ ದೈತ್ಯಾಕಾರದ ನಾಲ್ವರು ಹಾರಿಬಂದು ಭಾಗವತರನ್ನು ನೆಲಕ್ಕೆ ಕೆಡಹುವ ಸಂಪ್ರದಾಯ ನಮ್ಮಲ್ಲಿಲ್ಲ.

ಪಿಟ್ಸ್‌ಬರ್ಗಿನ ಸುತ್ತಣ ನಾಡು ಕಲ್ಲಿದ್ದಲಿನದು, ಉಕ್ಕಿನದು. ಪೂರ್ವ ಯೂರೋಪಿನಿಂದಲೂ ಇಟಲಿಯಿಂದಲೂ ಗಣಿಗಳಿಗೆ, ಕುಲುಮೆಗಳಿಗೆ ದುಡಿಯಲು ಬಂದವರ ಮಕ್ಕಳು ಅಲ್ಲಿ ಬೆಳೆದರು. ಈ ಒಂದು ಮೂಲೆಯಿಂದ ಎಷ್ಟು ಮಂದಿ ಕ್ವಾರ್ಟರ್‌ಬ್ಯಾಕುಗಳು ಹೊರಬಂದರೆಂಬುದು ಸೋಜಿಗ. ಯುನೈಟಸ್ ಮತ್ತು ಡ್ಯಾನ್ ಮರೀನೊ ನಗರದವರೇ. ಜೋ ನೇಮತ್ ಬೀವರ್ ಫಾಲ್ಸಿನವನು. ಮೊಂಟಾನ ಬೆಳೆದದ್ದು ಮನಾಂಗಹೀಲ ನದಿಯ ಕಣಿವೆಯಲ್ಲಿ. ಜಿಮ್ ಕೆಲಿ, ಜಾರ್ಜ್ ಬ್ಲಾಂಡ ಇನ್ನಿಬ್ಬರು. ಆರು ಮಂದಿಗೂ ಓಹಾಯೊ ಸಂಸ್ಥಾನದ ಕ್ಯಾಂಟನ್ನಿನ ಕೀರ್ತಿಮಂದಿರದಲ್ಲಿ ಸ್ಥಾನ ದೊರೆತಿದೆ. ಆದರೆ ಈ ಆರರಲ್ಲಿ ಒಬ್ಬನಾದರೂ ತನ್ನೂರಿನ ಸ್ಟೀಲರ್ಸ್ ತಂಡಕ್ಕಾಗಿ ಒಂದು ಋತುವಿನ ಪಂದ್ಯವನ್ನೂ ಆಡಲಿಲ್ಲ! ೧೯೮೩ರಲ್ಲಿ ಹೊಸಬರನ್ನು ಆರಿಸುವಾಗ ಸ್ಟೀಲರ್ಸಿನ ಸರದಿ ೨೧ನೆಯದು. ಮರೀನೊ ಇನ್ನೂ ಉಳಿದಿದ್ದ. ಅವರು ಬೇರೊಬ್ಬನನ್ನು ಆರಿಸಿದರು. ಮರೀನೊ ೨೭ನೆಯವನಾಗಿ ಮಯಾಮಿಗೆ ಹೋದ. ಇತ್ತ ಸ್ಟೀಲರ್ಸಿಗೆ ನಾಲ್ಕು ಸೂಪರ್‌ಬೌಲುಗಳನ್ನು ಗೆದ್ದುಕೊಟ್ಟ ಟೆರಿ ಬ್ರಾಡ್‌ಷಾ ಬಂದದ್ದು ದೂರದ ಲೂಯಿಸಿಯಾನದಿಂದ. ಮನೆಯ ಮಗನನ್ನು ಹೊರಗೆ ಕಳಿಸಿ ನೆಂಟರ ಮಗನಿಂದ ಮನೆ ನಡೆಸಿಕೊಂಡ ಕಥೆ ಇದು.

ಪೆನ್‌ಹಿಲ್ಸಿನಲ್ಲಿ ೧೯೭೦ರ ದಶಕದಲ್ಲಿ ಕಟ್ಟಿದ ವೆಂಕಟೇಶ್ವರ ದೇವಾಲಯವೊಂದಿದೆ. ಭಾನುವಾರ ಅಲ್ಲಿ ಪುಳಿಯೋಗರೆ ಮುಗಿಸಿ ಕೈತೊಳೆದ ಕನ್ನಡಿಗರು ಮಧ್ಯಾಹ್ನದ ಪಂದ್ಯಕ್ಕೆ ಮನೆ ಸೇರುವ ಆತುರದಲ್ಲಿಯೂ ಈ ಚರ್ಚೆಯನ್ನು ಬಿಡಲೊಲ್ಲರು. ಬ್ರೇಡಿಯ ಪಕ್ಷದವರ ಜೇಬಿನಲ್ಲಿ ಅಂಕಿಗಳು ತುಂಬಿರುತ್ತವೆ. ೨೦೦೦ದ ಆಯ್ಕೆಯಲ್ಲಿ ೧೯೯ನೆಯವನಾಗಿ ಬಂದವನು ೨೩ ಋತು ಆಡಿ ೭ ಸೂಪರ್‌ಬೌಲ್ ಗೆದ್ದ, ಇನ್ನೇನು ಬೇಕು? ನನ್ನ ಭಾವನವರು ಮೊಂಟಾನನ ಕಡೆ. “ನಾಲ್ಕು ಸಲ ಹೋದ, ನಾಲ್ಕು ಸಲವೂ ಗೆದ್ದ. ಆ ನಾಲ್ಕರಲ್ಲಿ ಅವನ ೧೧ ಎಸೆತಗಳು ಅಂಕವಾದವು. ಒಂದೇ ಒಂದು ಎಸೆತ ಎದುರಾಳಿಯ ಕೈಸೇರಲಿಲ್ಲ. ನಿಮ್ಮ ಬ್ರೇಡಿ ಮೂರು ಸಲ ಸೋತು ಬಂದವನು” ಎನ್ನುತ್ತಾರೆ. ಹತ್ತು ಸಲ ಹೋದವನು ಮೂರು ಸಲ ಸೋಲುವುದು ಮೇಲೋ, ನಾಲ್ಕೇ ಸಲ ಹೋಗಿ ಸೋಲದಿರುವುದು ಮೇಲೋ? ತರ್ಕಶಾಸ್ತ್ರದ ಅಧ್ಯಾಪಕರು ಯಾರಾದರೂ ಇದನ್ನು ಬಿಡಿಸಬೇಕು.

ಅಕ್ಕನ ಮನೆಯ ಪಕ್ಕದಲ್ಲಿ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಅಜ್ಜನೊಬ್ಬರಿದ್ದರು. ಅವರದು ಮೂರನೆಯ ಪಕ್ಷ. ಯುನೈಟಸನ ಕಾಲದಲ್ಲಿ ಆಟದ ತಂತ್ರವನ್ನು ಮೈದಾನದಲ್ಲಿ ನಿಂತವನೇ ಯೋಚಿಸಬೇಕಾಗಿತ್ತು. ೧೯೯೪ರಿಂದ ಈಚೆಗೆ ತರಬೇತುದಾರನ ಧ್ವನಿ ರೇಡಿಯೊ ಮೂಲಕ ಶಿರಸ್ತ್ರಾಣದೊಳಗೇ ಕೇಳುತ್ತದೆ. ೧೯೭೮ರಲ್ಲಿ ನಿಯಮಗಳು ಬದಲಾಗಿ, ಚೆಂಡು ಹಿಡಿಯಲು ಓಡುವವನನ್ನು ಐದು ಗಜದಾಚೆಗೆ ತಡೆದು ನೂಕುವಂತಿಲ್ಲವೆಂದಾಯಿತು. ಎಸೆಯುವವನ ದಾರಿ ಸುಗಮವಾಯಿತು. ಹೀಗಿರುವಾಗ ಎರಡು ಕಾಲದ ಅಂಕಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದುಂಟೆ? ಈ ಮಾತು ನನಗೆ ಬಹಳ ಹಿಡಿಸಿತು. ತಾಳೆಗರಿಯ ಮೇಲೆ ಕಂಠದಿಂದ ಕೊರೆದ ಕವಿಯನ್ನೂ ಅಚ್ಚಿನ ಕರಡು ತಿದ್ದಿದ ಕವಿಯನ್ನೂ ಒಂದೇ ಕೋಲಿನಿಂದ ಅಳೆಯುವವರನ್ನು ಕಂಡರೆ ನನಗೂ ಅಷ್ಟೇ ಸಿಟ್ಟು. ಎಸೆತಗಾರರಿಗೆ ಅಂಕ ಕೊಡುವ ಸೂತ್ರವೊಂದನ್ನು ೧೯೭೩ರಿಂದ ಅಲ್ಲಿ ಬಳಸುತ್ತಾರೆ. ಅದರಲ್ಲಿ ಪೂರ್ಣಾಂಕ ನೂರಲ್ಲ, ೧೫೮.೩! ನಮ್ಮ ಮೌಲ್ಯಮಾಪನ ಕೇಂದ್ರದಲ್ಲಿ ಯಾರಿಗಾದರೂ ಇಷ್ಟು ಅಂಕ ಕೊಟ್ಟರೆ ಮರುದಿನವೇ ವಿವರಣೆ ಕೇಳುವ ಪತ್ರ ಬಂದೀತು.

ಯುನೈಟಸನ ಕಥೆಯನ್ನು ಅಜ್ಜ ಹೇಳಿದರು. ಆಮೇಲೆ ನಾನೂ ಓದಿ ತಿಳಿದೆ. ಲಿಥುವೇನಿಯ ಮೂಲದ ಬಡ ಕುಟುಂಬ. ಎಳವೆಯಲ್ಲೇ ತಂದೆ ತೀರಿಕೊಂಡರು. ೧೯೫೫ರಲ್ಲಿ ಸ್ಟೀಲರ್ಸ್ ತಂಡ ಅವನನ್ನು ಒಂಬತ್ತನೆಯ ಸುತ್ತಿನಲ್ಲಿ ಆರಿಸಿತು. ಅಭ್ಯಾಸ ಪಂದ್ಯಗಳಲ್ಲಿ ಒಂದು ಸಲವೂ ಕಣಕ್ಕಿಳಿಸದೆ ಋತು ಆರಂಭವಾಗುವ ಮೊದಲೇ ಕೈಬಿಟ್ಟಿತು. ಮದುವೆಯಾಗಿತ್ತು, ಮನೆ ನಡೆಯಬೇಕಾಗಿತ್ತು. ಹಗಲು ಕಟ್ಟಡದ ಕೆಲಸಕ್ಕೆ ಹೋದ. ಬ್ಲೂಮ್‌ಫೀಲ್ಡ್ ರ‍್ಯಾಮ್ಸ್ ಎಂಬ ಕೇರಿಯ ತಂಡದಲ್ಲಿ ಪಂದ್ಯಕ್ಕೆ ೬ ಡಾಲರಿನಂತೆ ಆಡಿದ. ಮರುವರ್ಷ ಬಾಲ್ಟಿಮೋರಿನ ಕೋಲ್ಟ್ಸ್ ತಂಡ ಕರೆಯಿತು. ೧೯೫೮ರ ಡಿಸೆಂಬರ್ ೨೮ರಂದು ನ್ಯೂಯಾರ್ಕಿನ ಯಾಂಕಿ ಕ್ರೀಡಾಂಗಣದಲ್ಲಿ ಅಂತಿಮ ಪಂದ್ಯ. ಎರಡು ನಿಮಿಷವೂ ಉಳಿದಿರಲಿಲ್ಲ, ಕೋಲ್ಟ್ಸ್ ಮೂರು ಅಂಕ ಹಿಂದೆ. ಎಸೆತದ ಮೇಲೆ ಎಸೆತವಿಟ್ಟು ತಂಡವನ್ನು ಮುಂದೆ ತಂದು ಅಂಕವನ್ನು ಸಮಗೊಳಿಸಿದ. ಚಾಂಪಿಯನ್ ಪಟ್ಟದ ಪಂದ್ಯ ಹೆಚ್ಚುವರಿ ಆಟಕ್ಕೆ ಹೋದದ್ದು ಅದೇ ಮೊದಲು. ಅಲ್ಲಿಯೂ ೮೦ ಗಜ ನಡೆಸಿ ೨೩–೧೭ರಿಂದ ಗೆಲ್ಲಿಸಿದ. ಸತತ ೪೭ ಪಂದ್ಯಗಳಲ್ಲಿ ಅಂಕದ ಎಸೆತ ಎಸೆದ ಅವನ ದಾಖಲೆ ೧೯೬೦ರಲ್ಲಿ ನಿಂತದ್ದು, ೨೦೧೨ರವರೆಗೆ ಯಾರಿಂದಲೂ ಮುರಿಯಲಾಗಲಿಲ್ಲ.

ಇನ್ನು ಚೀಟಿಗಳ ವಿಷಯ. ನಮ್ಮ ಬಾಲ್ಯದಲ್ಲಿ ಬಬಲ್‌ಗಮ್ಮಿನೊಡನೆ ಕ್ರಿಕೆಟ್ ಆಟಗಾರರ ಚೀಟಿಗಳು ಬರುತ್ತಿದ್ದುದನ್ನು ನನ್ನ ವಯಸ್ಸಿನ ಓದುಗರು ಮರೆತಿರಲಾರರು. ಅಮೆರಿಕದಲ್ಲಿ ಇದು ನೂರು ವರ್ಷಕ್ಕೂ ಮಿಕ್ಕ ಹಳೆಯ ವ್ಯಾಪಾರ. ಮೊದಲು ಬಂದವು ತಂಬಾಕಿನ ಪೊಟ್ಟಣದೊಳಗೆ. ೧೮೯೪ರ ಮೇಯೊ ತಂಬಾಕಿನ ಮಾಲೆಯಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಆಟಗಾರರ ೩೫ ಕಾರ್ಡುಗಳಿದ್ದವು. ಅವುಗಳಲ್ಲೊಂದಕ್ಕೆ ಹೆಸರು ಹಾಕುವುದನ್ನೇ ಮರೆತರು. ಅವನು ಹಾರ್ವರ್ಡಿನ ಡನ್‌ಲಪ್ ಎಂದು ಮುಂದೆ ಗುರುತಿಸಿದರಂತೆ. ವಡ್ಡಾರಾಧನೆಯ ಕರ್ತೃ ಯಾರೆಂದು ತಲೆ ಕೆಡಿಸಿಕೊಂಡ ನಮಗೆ ಇಂಥ ಸಂಶೋಧನೆಯ ಸುಖ ಹೊಸದಲ್ಲ. ಪಿಟ್ಸ್‌ಬರ್ಗಿನವನೇ ಆದ ಬೇಸ್‌ಬಾಲ್ ಆಟಗಾರ ಹೋನಸ್ ವ್ಯಾಗ್ನರ್ ತನ್ನ ಚಿತ್ರದ ಕಾರ್ಡನ್ನು ತಂಬಾಕಿನವರು ಹಂಚದಂತೆ ತಡೆದ. ಮಕ್ಕಳು ಕಾರ್ಡಿನಾಸೆಗೆ ತಂಬಾಕು ಕೊಳ್ಳಬಾರದೆಂದು ಕೆಲವರು, ದುಡ್ಡು ಕೊಡಲಿಲ್ಲವೆಂದು ಕೆಲವರು. ಏನೇ ಇರಲಿ, ಹೊರಬಿದ್ದ ಕೆಲವೇ ಪ್ರತಿಗಳಲ್ಲೊಂದು ೨೦೨೨ರಲ್ಲಿ ೭೨ ಲಕ್ಷ ೫೦ ಸಾವಿರ ಡಾಲರಿಗೆ ಮಾರಾಟವಾಯಿತು. ಟಾಪ್ಸ್ ಕಂಪನಿಯಾದರೋ ತಾನು ೧೯೫೨ರಲ್ಲಿ ಅಚ್ಚು ಹಾಕಿಸಿ ಮಾರಾಟವಾಗದೆ ಉಳಿದ ಕಾರ್ಡುಗಳನ್ನು ೧೯೬೦ರಲ್ಲಿ ದೋಣಿಗೆ ತುಂಬಿ ಅಟ್ಲಾಂಟಿಕ್ ಸಮುದ್ರಕ್ಕೆ ಸುರಿಯಿತು. ಆ ಮಾಲೆಯ ಮಿಕಿ ಮ್ಯಾಂಟಲನ ಒಂದು ಕಾರ್ಡಿನ ಬೆಲೆ ೨೦೨೨ರಲ್ಲಿ ೧ ಕೋಟಿ ೨೬ ಲಕ್ಷ ಡಾಲರು.

ಇಷ್ಟು ಹಣವಿಲ್ಲದವರು ಏನು ಮಾಡಬೇಕು? ತಾವೇ ಬರೆದುಕೊಳ್ಳಬೇಕು. ಹತ್ತು ವರ್ಷದ ನನ್ನ ಸೋದರಳಿಯನೂ ಅವನ ಗೆಳೆಯರೂ ತಿಂಡಿಯ ರಟ್ಟಿನ ಡಬ್ಬಿಗಳನ್ನು ಎರಡೂವರೆ ಅಂಗುಲ ಅಗಲ, ಮೂರೂವರೆ ಅಂಗುಲ ಉದ್ದಕ್ಕೆ ಕತ್ತರಿಸಿ, ಬಣ್ಣದ ಕಡ್ಡಿಯಿಂದ ಆಟಗಾರರನ್ನು ಬರೆಯುತ್ತಿದ್ದರು. ಹಿಂಬದಿಯಲ್ಲಿ ಅಂಕಿಗಳಿರಲೇಬೇಕೆಂಬುದು ಅವರ ನಿಯಮ.

“ಮಾಮ, ಇದು ಯಾರು ಹೇಳಿ ನೋಡೋಣ?”

“ಮೈಸೂರು ಪೇಟ ಧರಿಸಿದ ದಿವಾನರಂತಿದ್ದಾರೆ.”

“ಅದು ಹೆಲ್ಮೆಟ್ಟು ಮಾಮ!”

ಬ್ರಾಡ್‌ಷಾನ ಬೋಳುತಲೆ ಕೋಳಿಮೊಟ್ಟೆಯಾಗಿತ್ತು. ಬ್ರೇಡಿಗೆ ಮೊಣಕಾಲಿನಿಂದ ಕೆಳಗೆ ಕಾಗದ ಸಾಲದೆ, ‘ಉಳಿದದ್ದು ಮುಂದಿನ ಕಾರ್ಡಿನಲ್ಲಿ’ ಎಂದು ಬರೆದಿದ್ದರು. ಪಕ್ಕದ ಮನೆಯ ಅಜ್ಜ ಈ ಕಾರ್ಡುಗಳನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಚ್ಚಿನ ಕಾರ್ಡುಗಳೇನು ಕಡಮೆಯೆ? ೧೯೭೦ರ ದಶಕದಲ್ಲಿ ಟಾಪ್ಸ್‌ನವರಿಗೆ ಆಟಗಾರರ ಸಂಘದ ಅನುಮತಿಯಿತ್ತು, ತಂಡದ ಲಾಂಛನಗಳ ಅನುಮತಿಯಿರಲಿಲ್ಲ. ಆದ್ದರಿಂದ ಶಿರಸ್ತ್ರಾಣದ ಮೇಲಿನ ಗುರುತನ್ನೆಲ್ಲ ಬಣ್ಣ ಊದಿ ಮುಚ್ಚುತ್ತಿದ್ದರು. ದೇಶದ ಮಹಾವೀರರೆಲ್ಲ ಬಾಡಿಗೆಯ ಟೋಪಿ ಹಾಕಿಕೊಂಡವರಂತೆ ಕಾಣುತ್ತಿದ್ದರು.

ಹುಡುಗರ ಚಿತ್ರಗಳಲ್ಲಿ ಒಂದು ವಿಶೇಷ ನನ್ನ ಕಣ್ಣಿಗೆ ಬಿತ್ತು. ಕ್ವಾರ್ಟರ್‌ಬ್ಯಾಕಿನ ಬಲಗೈಯನ್ನು ಮಾತ್ರ ಅವರು ಮೈಗಿಂತ ದೊಡ್ಡದಾಗಿ ಬರೆಯುತ್ತಿದ್ದರು. ಯುನೈಟಸನ ಕಾರ್ಡಿನಲ್ಲಿ ಆ ಕೈ ಸೌತೆಕಾಯಿಗಳ ಗೊಂಚಲಿನಂತಿತ್ತು. ಅದನ್ನು ನೋಡಿ ಹುಡುಗರೆಲ್ಲ ನಕ್ಕರು, ಅಜ್ಜ ನಗಲಿಲ್ಲ. ಕೊನೆಗಾಲದಲ್ಲಿ ಯುನೈಟಸನ ಬಲಗೈ ಸ್ವಾಧೀನದಲ್ಲಿರಲಿಲ್ಲ ಎಂದು ಅವರು ಹೇಳಿದರು. ಆಟದಲ್ಲಿ ತಿಂದ ಪೆಟ್ಟು ಮುಪ್ಪಿನಲ್ಲಿ ಬಂದು ಕುಳಿತಿತ್ತು. ಬೆರಳು ಮಡಿಸಲಾಗದೆ, ಗಾಲ್ಫ್ ಆಡಬೇಕಾದರೆ ಎಡಗೈಯಿಂದ ಬಲಗೈಯನ್ನು ಕೋಲಿಗೆ ಒತ್ತಿ ಪಟ್ಟಿಯಿಂದ ಬಿಗಿದುಕೊಳ್ಳುತ್ತಿದ್ದ. ಅಂಗವೈಕಲ್ಯದ ನೆರವು ಬೇಡಿದಾಗ ಲೀಗಿನಿಂದ ದೊರೆಯಲಿಲ್ಲ. ೨೦೦೨ರ ಸೆಪ್ಟೆಂಬರ್ ೧೧ರಂದು ತೀರಿಕೊಂಡ. ಅದೇ ತಿಂಗಳು, ಸ್ಟೀಲರ್ಸಿನ ಸೆಂಟರ್ ಆಗಿ ಬ್ರಾಡ್‌ಷಾನ ಕೈಗೆ ಚೆಂಡು ಕೊಡುತ್ತಿದ್ದ ಮೈಕ್ ವೆಬ್‌ಸ್ಟರ್ ಐವತ್ತನೆಯ ವಯಸ್ಸಿನಲ್ಲಿ, ಬುದ್ಧಿಭ್ರಮೆಯಿಂದ ನರಳಿ ಸತ್ತ. ಪಿಟ್ಸ್‌ಬರ್ಗಿನಲ್ಲಿದ್ದ ನೈಜೀರಿಯದ ವೈದ್ಯ ಬೆನೆಟ್ ಒಮಾಲು ಅವನ ಮಿದುಳನ್ನು ಪರೀಕ್ಷಿಸಿ, ಮೇಲಿಂದ ಮೇಲೆ ತಲೆಗೆ ಬಿದ್ದ ಪೆಟ್ಟಿನ ಗುರುತುಗಳನ್ನು ೨೦೦೫ರಲ್ಲಿ ಪ್ರಕಟಿಸಿದರು. ಮುಂದೆ ಸಾವಿರಾರು ಮಾಜಿ ಆಟಗಾರರು ಮೊಕದ್ದಮೆ ಹೂಡಿ, ೨೦೧೫ರಲ್ಲಿ ಪರಿಹಾರದ ಒಪ್ಪಂದಕ್ಕೆ ನ್ಯಾಯಾಲಯದ ಒಪ್ಪಿಗೆಯಾಯಿತು. ಕಾರ್ಡಿನ ಹಿಂಬದಿಯಲ್ಲಿ ಗಜಗಳಿಗೆ ಒಂದು ಕಲಂ ಇದೆ, ಎಸೆತಗಳಿಗೆ ಒಂದು ಕಲಂ ಇದೆ. ಇದಕ್ಕೆ ಕಲಂ ಇಲ್ಲ.

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಯುನೈಟಸನ ಬಲಗೈಗೆ ಒಂದು ನೀಲಿ ಪಟ್ಟಿ ಬರೆದ. ಅಜ್ಜ ಕಾರ್ಡನ್ನು ತಿರುಗಿಸಿ, ಹಿಂದೆ ಒಂದು ಸಾಲು ಸೇರಿಸಬೇಕೆಂದರು: ‘೧೯೫೫ – ಪಿಟ್ಸ್‌ಬರ್ಗ್ – ಆಡಿದ ಪಂದ್ಯಗಳು ೦’. ಸೊನ್ನೆ ದೊಡ್ಡದಾಗಿರಲಿ ಎಂದರು. ಆಮೇಲೆ ಜೇಬಿನಿಂದ ಹಣ ತೆಗೆದು, “ಇದನ್ನು ನನಗೆ ಕೊಡು, ಪಂದ್ಯಕ್ಕೆ ಅವನಿಗೆ ಕೊಟ್ಟಷ್ಟೇ, ಆರು ಡಾಲರು” ಎಂದರು. ಹುಡುಗ ಹತ್ತಕ್ಕೆ ಕಡಮೆ ಆಗುವುದಿಲ್ಲವೆಂದ. ಎಂಟಕ್ಕೆ ಮಾತು ಮುಗಿಯಿತು.