ಮಾತನಾಡುವ ಪೆಟ್ಟಿಗೆ ಮನೆಯ ಜಾಲವನ್ನು ಸೇರುವ ಬಗೆ

ನಮ್ಮ ನೆರೆಮನೆಯಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರಿದ್ದಾರೆ. ಆಯುಷ್ಯದ ಬಹುಭಾಗವನ್ನು ಮಕ್ಕಳಿಗೆ ಓದು ಕಲಿಸುವುದರಲ್ಲಿ ಕಳೆದ ಅವರಿಗೆ ಈಗ ಕಣ್ಣು ಮಂಜಾಗಿ, ದಿನಪತ್ರಿಕೆಯನ್ನು ಓದುವುದೂ ಸಾಧ್ಯವಿಲ್ಲದಂತಾಗಿದೆ. ದೂರದ ಊರಿನಲ್ಲಿರುವ ಅವರ ಮಗ ಕಳೆದ ಸಲ ಬಂದಾಗ ತಂದೆಗೆಂದು ಒಂದು ಸ್ಮಾರ್ಟ್ ಸ್ಪೀಕರನ್ನು ತಂದುಕೊಟ್ಟು ಹೋದರು. ಅದು ತೆಂಗಿನಕಾಯಿಯ ಗಾತ್ರದ ಪೆಟ್ಟಿಗೆ. ಹೆಸರು ಹಿಡಿದು ಕರೆದು ಕೇಳಿದರೆ ವಾರ್ತೆಯನ್ನೋ ಸಂಗೀತವನ್ನೋ ಕೇಳಿಸುತ್ತದೆ. ಪಡಸಾಲೆಯಲ್ಲಿದ್ದಷ್ಟು ದಿನ ಅದು ಚೆನ್ನಾಗಿಯೇ ನಡೆಯಿತು. ಮೇಷ್ಟರು ಮಲಗುವ ಒಳಕೋಣೆಗೆ ಸಾಗಿಸಿದ ದಿನದಿಂದ ಮಾತ್ರ, ಕರೆದಾಗಲೆಲ್ಲ ಜಾಲದ ಸಂಪರ್ಕವಿಲ್ಲವೆಂಬ ಅರ್ಥದ ಒಂದೇ ವಾಕ್ಯವನ್ನು ಹೇಳಿ ಸುಮ್ಮನಾಗತೊಡಗಿತು.

ಅದನ್ನು ಸರಿಪಡಿಸಲೆಂದು ನಾವು ಹೋದಾಗ ಮೇಷ್ಟರು ಹೇಳಿದರು: "ನೀವು ಭೌತಶಾಸ್ತ್ರ ಕಲಿಸುವವರಪ್ಪ, ನನಗೆ ಎರಡು ಸಂದೇಹ ಬಿಡಿಸಿ. ಅಲೆಗಳು ಗೋಡೆಯನ್ನು ದಾಟುತ್ತವೆ ಎನ್ನುತ್ತೀರಿ. ದಾಟುವುದಾದರೆ ಈ ಕೋಣೆಗೆ ಬರುವುದಕ್ಕೆ ಅವಕ್ಕೇನು ಕಷ್ಟ? ಇಲ್ಲಿಗೂ ಬರುತ್ತವೆ ಎನ್ನುವುದಾದರೆ, ಬೀದಿಗೂ ಹೋಗುತ್ತವಲ್ಲ! ನಮ್ಮ ಮನೆಯ ಗುಟ್ಟು ಊರಿಗೆಲ್ಲ ಕೇಳಿಸುವುದಿಲ್ಲವೇ?"

ಮೇಷ್ಟರ ಈ ಎರಡು ಪ್ರಶ್ನೆಗಳಿಗೆ ಉತ್ತರ ಹೇಳಿದರೆ, ಇಂಥ ಪೆಟ್ಟಿಗೆ ಮನೆಯ ನಿಸ್ತಂತು ಜಾಲವನ್ನು ಸೇರುವ ಬಗೆಯನ್ನೆಲ್ಲ ಹೇಳಿದಂತೆಯೇ ಸರಿ.

ಹೊರಗಿನಿಂದ ಮನೆಗೆ ಬರುವ ಇಂಟರ್‌ನೆಟ್ಟಿನ ತಂತಿ ರೌಟರ್ ಎಂಬ ಪೆಟ್ಟಿಗೆಯಲ್ಲಿ ಕೊನೆಗೊಳ್ಳುತ್ತದೆ. ಅಲ್ಲಿಂದ ಮುಂದೆ ಸುದ್ದಿಯನ್ನು ಹೊರುವುದು ವಿದ್ಯುತ್ಕಾಂತ ತರಂಗ. ೧೮೬೫ರಲ್ಲಿ ಮ್ಯಾಕ್ಸ್‌ವೆಲ್ ಗಣಿತದ ಬಲದಿಂದ ಕಂಡುಕೊಂಡ, ೧೮೮೮ರ ಸುಮಾರಿಗೆ ಹರ್ಟ್ಸ್ ಪ್ರಯೋಗದಿಂದ ತೋರಿಸಿದ ಅಲೆಗಳೇ ಇವು. ೧೮೯೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಇವನ್ನು ಮಿಲಿಮೀಟರುಗಳಲ್ಲಿ ಅಳೆಯುವಷ್ಟು ಕಿರಿದಾಗಿಸಿ ಅಭ್ಯಾಸಮಾಡಿದ್ದರು. ನಮ್ಮ ಮನೆಗಳ ರೌಟರುಗಳು ಸಾಮಾನ್ಯವಾಗಿ ಎರಡು ಬಗೆಯ ಅಲೆಗಳನ್ನು ಹರಡುತ್ತವೆ. ಒಂದು, ಸೆಕೆಂಡಿಗೆ ಸುಮಾರು ೨೪೦ ಕೋಟಿ ಸಲ ಕಂಪಿಸುವಂಥದು, ಇದೇ ೨.೪ ಗಿಗಾಹರ್ಟ್ಸ್. ಇನ್ನೊಂದು, ೫೦೦ ಕೋಟಿ ಸಲಕ್ಕೂ ಮೀರಿ ಕಂಪಿಸುವಂಥದು. ಇದು ೫ ಗಿಗಾಹರ್ಟ್ಸ್. ಬೆಳಕಿನ ವೇಗವಾದ ಸೆಕೆಂಡಿಗೆ ೩ ಲಕ್ಷ ಕಿಲೋಮೀಟರನ್ನು ಈ ಸಂಖ್ಯೆಗಳಿಂದ ಭಾಗಿಸಿದರೆ ಅಲೆಯ ಉದ್ದ ದೊರೆಯುತ್ತದೆ: ಮೊದಲನೆಯದಕ್ಕೆ ಸುಮಾರು ೧೨.೫ ಸೆಂಟಿಮೀಟರ್, ಎರಡನೆಯದಕ್ಕೆ ಸುಮಾರು ೬ ಸೆಂಟಿಮೀಟರ್.

ಚಿಕ್ಕ ಅಲೆಗಳ ಪಟ್ಟಿ ಅಗಲವಾದದ್ದು. ಒಂದೇ ಕಾಲದಲ್ಲಿ ಹೆಚ್ಚು ಸುದ್ದಿಯನ್ನು ಹೊರಬಲ್ಲದು. ಆದರೆ ಇಟ್ಟಿಗೆ, ಮಣ್ಣು, ಕಾಂಕ್ರೀಟು ಮೊದಲಾದವುಗಳಲ್ಲಿ ಹಾಯುವಾಗ ಅದು ಕಳೆದುಕೊಳ್ಳುವ ಶಕ್ತಿಯೂ ಹೆಚ್ಚು. ಉದ್ದ ಅಲೆ ನಿಧಾನಿ, ಆದರೆ ಗೋಡೆಯಾಚೆಗೂ ಸಾಕಷ್ಟು ಉಳಿದು ತಲುಪುತ್ತದೆ. ಕಬ್ಬಿಣದ ಹಲಗೆಯೆದುರು ಮಾತ್ರ ಎರಡೂ ಸೋಲುತ್ತವೆ. ಲೋಹವು ಅವನ್ನು ಕನ್ನಡಿಯಂತೆ ಹಿಂದಕ್ಕೆ ತಿರುಗಿಸಿಬಿಡುತ್ತದೆ. ಹೀಗೆ, ಅಲೆಗಳು ಗೋಡೆಯನ್ನು ದಾಟುವುದು ನಿಜ. ಆದರೆ ದಾಟಿದಾಗಲೆಲ್ಲ ಸುಂಕ ತೆರುತ್ತವೆ.

ಮೇಷ್ಟರ ಮನೆಯ ಗೋಡೆಗಳು ಹಳೆಯ ಕಾಲದ ದಪ್ಪ ಮಣ್ಣಿನ ಗೋಡೆಗಳು. ರೌಟರು ಜಗಲಿಯಲ್ಲಿದೆ, ಒಳಕೋಣೆಗೆ ಅಂಥ ಎರಡು ಗೋಡೆಗಳು ಅಡ್ಡ. ಸಾಲದೆಂಬಂತೆ ಪೆಟ್ಟಿಗೆಯನ್ನು ಕಬ್ಬಿಣದ ಬೀರುವಿನ ಮಗ್ಗುಲಲ್ಲಿಯೇ ಇಟ್ಟಿದ್ದರು. ಅವರ ರೌಟರು ಎರಡು ಬಗೆಯ ಅಲೆಗಳಿಗೆ ಎರಡು ಹೆಸರುಗಳನ್ನಿಟ್ಟುಕೊಂಡಿತ್ತು. ಮಗನು ವೇಗದ ಆಸೆಯಿಂದ ೫ ಗಿಗಾಹರ್ಟ್ಸಿನ ಹೆಸರನ್ನು ಆರಿಸಿದ್ದರು. ವಾರ್ತೆಗೂ ಸಂಗೀತಕ್ಕೂ ಅಷ್ಟು ವೇಗ ಬೇಕಿಲ್ಲ. ನಾವು ಪೆಟ್ಟಿಗೆಯನ್ನು ಕಿಟಕಿಯ ಬಳಿಗೆ ಸರಿಸಿ, ಉದ್ದ ಅಲೆಯ ಜಾಲಕ್ಕೆ ಹೊಸದಾಗಿ ಸೇರಿಸಲು ತೊಡಗಿದೆವು.

ಇಲ್ಲೊಂದು ತೊಡಕು ಎದುರಾಗುತ್ತದೆ. ಜಾಲವನ್ನು ಸೇರಬೇಕಾದರೆ ಅದರ ಹೆಸರೂ ಗುಪ್ತಪದವೂ, ಎಂದರೆ ಪಾಸ್‌ವರ್ಡೂ, ತಿಳಿದಿರಬೇಕು. ಈ ಪೆಟ್ಟಿಗೆಗೋ ಅಕ್ಷರ ಒತ್ತುವ ಗುಂಡಿಗಳಿಲ್ಲ, ತೆರೆಯಿಲ್ಲ. ಬಾಯಿಯಲ್ಲಿ ಹೇಳೋಣವೆಂದರೆ, ಮಾತನ್ನು ಅರ್ಥಮಾಡಿಕೊಳ್ಳುವ ದೊಡ್ಡ ಗಣಕಯಂತ್ರಗಳಿರುವುದು ದೂರದಲ್ಲಿ, ಜಾಲದ ಆಚೆಗೆ. ಜಾಲವಿಲ್ಲದೆ ಮಾತು ತಿಳಿಯದು. ಮಾತು ತಿಳಿಯದೆ ಜಾಲ ಸೇರದು.

ಇದಕ್ಕೆ ಕಂಡುಕೊಂಡ ಉಪಾಯ ಮಧ್ಯಸ್ಥನೊಬ್ಬನನ್ನು ಹಿಡಿಯುವುದು. ಆ ಮಧ್ಯಸ್ಥನೇ ನಮ್ಮ ಕೈಯಲ್ಲಿರುವ ಮೊಬೈಲ್ ಫೋನು. ಹೊಸ ಪೆಟ್ಟಿಗೆಗೆ ವಿದ್ಯುತ್ತು ಕೊಟ್ಟೊಡನೆ ಅದು ಕೆಲವು ನಿಮಿಷಗಳ ಮಟ್ಟಿಗೆ ತನ್ನದೇ ಆದ ಕಿರುಜಾಲವೊಂದನ್ನು ಹರಡುತ್ತದೆ, ಇಲ್ಲವೇ ಬ್ಲೂಟೂತ್ ಎಂಬ ಅಲ್ಪದೂರದ ಕ್ರಮದಿಂದ "ನಾನಿಲ್ಲಿದ್ದೇನೆ" ಎಂದು ಸಾರುತ್ತದೆ. ಫೋನು ಅದರೊಡನೆ ಸಂಬಂಧ ಬೆಳೆಸಿ, ಮನೆಯ ಜಾಲದ ಹೆಸರನ್ನೂ ಗುಪ್ತಪದವನ್ನೂ ಗೂಢಲಿಪಿಯಲ್ಲಿ ಅದಕ್ಕೆ ಒಪ್ಪಿಸುತ್ತದೆ. ಮೊದಲೇ ಪರಿಚಯವಿಲ್ಲದ ಇಬ್ಬರು ಬಹಿರಂಗವಾಗಿ ಮಾತನಾಡುತ್ತಲೇ ಗೂಢಲಿಪಿಗೆ ಬೇಕಾದ ರಹಸ್ಯವೊಂದನ್ನು ಏರ್ಪಡಿಸಿಕೊಳ್ಳುವ ಗಣಿತಮಾರ್ಗವನ್ನು ೧೯೭೬ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ಅಮೆರಿಕದ ವಿದ್ವಾಂಸರು ಪ್ರಕಟಿಸಿದ್ದರು. ಪೆಟ್ಟಿಗೆ ಈ ಮಾಹಿತಿಯನ್ನು ವಿದ್ಯುತ್ತು ಹೋದರೂ ಅಳಿಯದ ಸ್ಮೃತಿಯಲ್ಲಿ ಬರೆದಿಟ್ಟುಕೊಂಡು, ಕಿರುಜಾಲವನ್ನು ಮುಚ್ಚಿ, ರೌಟರಿನತ್ತ ತಿರುಗುತ್ತದೆ.

ಇನ್ನು ಮೇಷ್ಟರ ಎರಡನೆಯ ಪ್ರಶ್ನೆ. ಪೆಟ್ಟಿಗೆ ರೌಟರಿಗೆ "ಗುಪ್ತಪದ ಇಂಥದು" ಎಂದು ಹೇಳಿದರೆ ಬೀದಿಯಲ್ಲಿ ನಿಂತವನಿಗೂ ಅದು ಕೇಳಿಸೀತು. ಆದ್ದರಿಂದ ಅದು ಗುಪ್ತಪದವನ್ನು ಹೇಳುವುದೇ ಇಲ್ಲ. ತನಗೆ ತಿಳಿದಿದೆ ಎಂಬುದನ್ನು ಮಾತ್ರ ರುಜುವಾತುಪಡಿಸುತ್ತದೆ!

ರುಬ್ಬಿದ ಹಿಟ್ಟಿನಿಂದ ಅಕ್ಕಿಯ ಕಾಳನ್ನು ಮತ್ತೆ ಆರಿಸಿ ತೆಗೆಯಲಾಗದು. ಆದರೆ ಒಂದೇ ಅಕ್ಕಿ, ಒಂದೇ ಉದ್ದು, ಒಂದೇ ಅಳತೆಯಲ್ಲಿ ಇಬ್ಬರು ತಮ್ಮತಮ್ಮ ಮನೆಗಳಲ್ಲಿ ರುಬ್ಬಿದರೆ ಹಿಟ್ಟು ಒಂದೇ ತೆರನಾಗಿರುತ್ತದೆ. ೨೦೦೪ರಿಂದ ರೂಢಿಗೆ ಬಂದ ಡಬ್ಲ್ಯು.ಪಿ.ಎ.೨ ಎಂಬ ಕ್ರಮದಲ್ಲಿ ನಡೆಯುವುದೂ ಇಂಥದೇ ಕಾರ್ಯ. ಗುಪ್ತಪದವನ್ನೂ ಜಾಲದ ಹೆಸರನ್ನೂ ಕೂಡಿಸಿ ೪,೦೯೬ ಸಲ ಗಣಿತದ ಕಲ್ಲಿನಲ್ಲಿ ಅರೆದು ಒಂದು ಮೂಲಸಂಖ್ಯೆಯನ್ನು ರೌಟರೂ ಪೆಟ್ಟಿಗೆಯೂ ಬೇರೆ ಬೇರೆಯಾಗಿ ಪಡೆಯುತ್ತವೆ. ಆಮೇಲೆ ಅವೆರಡರ ನಡುವೆ ನಾಲ್ಕು ಓಲೆಗಳು ಓಡಾಡುತ್ತವೆ. ಮೊದಲನೆಯದರಲ್ಲಿ ರೌಟರು ಆ ಕ್ಷಣದಲ್ಲಿ ಮನಬಂದಂತೆ ಆರಿಸಿದ ಸಂಖ್ಯೆಯೊಂದನ್ನು ಬಹಿರಂಗವಾಗಿಯೇ ಕಳಿಸುತ್ತದೆ. ಪೆಟ್ಟಿಗೆ ತಾನೂ ಒಂದು ಸಂಖ್ಯೆಯನ್ನು ಆರಿಸಿ, ಎರಡನ್ನೂ ಮೂಲಸಂಖ್ಯೆಯೊಡನೆ ಅರೆದು ಹೊಸ ಕೀಲಿಯನ್ನು ಮಾಡಿಕೊಂಡು, ತನ್ನ ಸಂಖ್ಯೆಯ ಜೊತೆಗೆ ಆ ಕೀಲಿಯಿಂದ ಒತ್ತಿದ ಮುದ್ರೆಯನ್ನು ಕಳಿಸುತ್ತದೆ. ರೌಟರು ತಾನೂ ಅದೇ ರೀತಿ ಅರೆದು ನೋಡುತ್ತದೆ. ಮುದ್ರೆ ಹೊಂದಿದರೆ ಗುಪ್ತಪದ ಸರಿ. ಮೂರನೆಯ ಓಲೆಯಲ್ಲಿ ರೌಟರು ತನ್ನ ಮುದ್ರೆಯನ್ನು ತೋರಿಸಿ ತಾನು ವೇಷಧಾರಿಯಲ್ಲವೆಂದು ಸ್ಥಾಪಿಸುತ್ತದೆ. ನಾಲ್ಕನೆಯದು ಒಪ್ಪಿಗೆ. ಅಲ್ಲಿಂದ ಮುಂದಿನ ಮಾತೆಲ್ಲ ಆ ಹೊಸ ಕೀಲಿಯಿಂದ ಬೀಗ ಹಾಕಿದ ಮಾತು.

ಬೀದಿಯಲ್ಲಿ ನಿಂತವನಿಗೆ ಆ ಎರಡು ಸಂಖ್ಯೆಗಳೂ ಮುದ್ರೆಗಳೂ ಸಿಕ್ಕುತ್ತವೆ, ಗುಪ್ತಪದ ಸಿಕ್ಕುವುದಿಲ್ಲ. ಆದರೆ ಅವನು ಅವನ್ನು ಬರೆದುಕೊಂಡು ಹೋಗಿ, ಬಿಡುವಾಗಿ ಕುಳಿತು, ಒಂದೊಂದೇ ಪದವನ್ನು ಊಹಿಸಿ ಅರೆದು ಮುದ್ರೆಯೊಡನೆ ಹೋಲಿಸಿ ನೋಡಬಲ್ಲನು. ಮನೆಯವರ ಹೆಸರು, ಹುಟ್ಟಿದ ವರ್ಷ, ನಿಘಂಟಿನ ಪದ ಇವೆಲ್ಲ ಬೇಗ ಬಯಲಾಗುವುದು ಹೀಗೆಯೇ. ಉದ್ದವಾದ, ಯಾರೂ ಊಹಿಸಲಾಗದ ಗುಪ್ತಪದವೇ ಇದಕ್ಕೆ ಪ್ರತ್ಯೌಷಧ. ೨೦೧೮ರಲ್ಲಿ ಬಂದ ಡಬ್ಲ್ಯು.ಪಿ.ಎ.೩ ಕ್ರಮವು ಹೀಗೆ ಬಿಡುವಾಗಿ ಊಹಿಸುವ ದಾರಿಯನ್ನು ಮುಚ್ಚಿತು. ೧೯೯೭ರ ಮೊದಲ ನಿಯಮಾವಳಿಯಲ್ಲಿದ್ದ ವೆಪ್ ಎಂಬ ಗೂಢಲಿಪಿಯ ದೌರ್ಬಲ್ಯವನ್ನು ೨೦೦೧ರಲ್ಲಿ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಎಂಬ ವಿದ್ವಾಂಸರು ಎತ್ತಿತೋರಿಸಿದ್ದನ್ನು ನೆನೆದರೆ, ಈ ವಿದ್ಯೆ ತಪ್ಪುಗಳಿಂದಲೇ ತಿದ್ದಿಕೊಂಡು ಬೆಳೆದದ್ದೆಂಬುದು ಸ್ಪಷ್ಟವಾಗುತ್ತದೆ.

ಒಳಗೆ ಬಂದ ಪೆಟ್ಟಿಗೆಗೆ ರೌಟರು ೧೯೨.೧೬೮.೧.೭ ಎಂಬಂಥ ಒಂದು ವಿಳಾಸವನ್ನು ಕೊಡುತ್ತದೆ; ಉತ್ತರಗಳು ಮರಳಿ ಬರಬೇಕಾದರೆ ವಿಳಾಸ ಬೇಕಷ್ಟೆ. ಬಳಿಕ ಅದು ತನ್ನ ತಯಾರಕರ ದೂರದ ಗಣಕಯಂತ್ರಗಳನ್ನು ಸಂಪರ್ಕಿಸುತ್ತದೆ. ತನ್ನನ್ನು ಕರೆಯುವ ಹೆಸರನ್ನು ಪೆಟ್ಟಿಗೆ ತಾನೇ ಗುರುತಿಸುತ್ತದೆ. ಅದಕ್ಕಾಗಿ ಅದರ ಕಿವಿ ಸದಾ ತೆರೆದಿರುತ್ತದೆ. ಹೆಸರಿನ ನಂತರದ ಮಾತು ಸಾಮಾನ್ಯವಾಗಿ ದೂರಕ್ಕೆ ಹೋಗಿ ಉತ್ತರವಾಗಿ ಮರಳುತ್ತದೆ. ಒಮ್ಮೊಮ್ಮೆ ಬೇರೆ ಶಬ್ದವನ್ನು ತನ್ನ ಹೆಸರೆಂದು ಭ್ರಮಿಸುವುದೂ ಉಂಟು. ಆದ್ದರಿಂದ ಕಿವಿ ಮುಚ್ಚುವ ಗುಂಡಿ ಎಲ್ಲಿದೆಯೆಂಬುದನ್ನು ಮನೆಯವರೆಲ್ಲ ತಿಳಿದಿರಬೇಕು. ರೌಟರಿನಲ್ಲಿ ಅತಿಥಿಜಾಲದ ಅನುಕೂಲವಿದ್ದರೆ ಇಂಥ ಪೆಟ್ಟಿಗೆಗಳನ್ನು ಅದರಲ್ಲಿಡುವುದು ಲೇಸು. ಪಡಸಾಲೆಯವರೆಗೆ ಬಂದವರನ್ನೆಲ್ಲ ನಾವು ಉಗ್ರಾಣಕ್ಕೆ ಬಿಡುವುದಿಲ್ಲವಲ್ಲ! ಗುಪ್ತಪದವನ್ನು ಬದಲಿಸಿದಾಗ ಪೆಟ್ಟಿಗೆಗೂ ಅದನ್ನು ಫೋನಿನ ಮೂಲಕ ಮತ್ತೆ ಕಲಿಸಬೇಕು. ಇಲ್ಲವಾದರೆ ಅದು ಹಳೆಯ ಅಕ್ಕಿಯನ್ನೇ ಅರೆಯುತ್ತ, ಹೊಂದದ ಮುದ್ರೆಯನ್ನೇ ಕಳಿಸುತ್ತ ಬಾಗಿಲಲ್ಲೇ ನಿಂತಿರುತ್ತದೆ.

ವಿದ್ಯಾರ್ಥಿಗಳು ಇದರಲ್ಲಿ ಒಂದು ಭಾಗವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಜಾಲದ ಬಲವನ್ನು ಡೆಸಿಬೆಲ್ಲುಗಳಲ್ಲಿ ತೋರಿಸುವ ಆ್ಯಪ್ ಇರುವ ಫೋನನ್ನು ಹಿಡಿದು ಕೋಣೆಯಿಂದ ಕೋಣೆಗೆ ನಡೆಯಿರಿ. ಪ್ರತಿ ಗೋಡೆಯಾಚೆಗೆ ಎರಡೂ ಬಗೆಯ ಅಲೆಗಳ ಬಲವನ್ನು ಬರೆದುಕೊಳ್ಳಿ. ಹತ್ತು ಡೆಸಿಬೆಲ್ಲು ಇಳಿಯಿತೆಂದರೆ ಶಕ್ತಿ ಹತ್ತರಲ್ಲೊಂದು ಪಾಲಾಯಿತೆಂದು ಅರ್ಥ. ನಿಮ್ಮ ಮನೆಯ ಗೋಡೆಗಳು ತೆಗೆದುಕೊಳ್ಳುವ ಸುಂಕವೆಷ್ಟೆಂಬುದು ಆಗ ನಿಮಗೇ ತಿಳಿಯುವುದು.

ಮೇಷ್ಟರ ಪೆಟ್ಟಿಗೆ ಅಂದಿನಿಂದ ತಪ್ಪದೆ ಮಾತನಾಡುತ್ತಿದೆ. ಬೆಳಗಿನ ವಾರ್ತೆಯನ್ನು ಅವರು ತುಸು ಗಟ್ಟಿಯಾಗಿಯೇ ಕೇಳುತ್ತಾರೆ. ಅದು ನಮ್ಮ ಮನೆಗೂ ಕೇಳಿಸುತ್ತದೆ. ಅವರ ಮಣ್ಣಿನ ಗೋಡೆಗಳು ಶಬ್ದದ ಅಲೆಗಳನ್ನೂ ಪೂರ್ತಿಯಾಗಿ ತಡೆಯಲಾರವು.