‘ಡಿಯರ್’ ಎಂಬ ಒಂದು ಮಾತು

1981ರಲ್ಲಿ ಕನ್ನಡ ಎಂ.ಎ. ಓದಲೆಂದು ನಾನು ಮೈಸೂರಿಗೆ ಬಂದೆ. ಅದುವರೆಗೆ ಹಳ್ಳಿಯಲ್ಲಿದ್ದ ತಂದೆಯವರಿಗೆ ‘ತೀರ್ಥರೂಪರವರ ಪಾದಗಳಲ್ಲಿ ಸಾಷ್ಟಾಂಗ ನಮಸ್ಕಾರಗಳು’ ಎಂದೇ ಕಾಗದ ಬರೆಯುತ್ತಿದ್ದವನು. ಹಾಸ್ಟೆಲಿನಲ್ಲಿ ಇಂಗ್ಲಿಷ್ ಓದುತ್ತಿದ್ದ ಗೆಳೆಯರು ತಮ್ಮ ಮನೆಗಳಿಗೆ ‘ಡಿಯರ್ ಫಾದರ್’ ಎಂದು ಬರೆಯುವುದನ್ನು ಕಂಡು ನನಗೂ ಆಸೆಯಾಯಿತು. ಅದನ್ನೇ ಕನ್ನಡಕ್ಕೆ ತಿರುಗಿಸಿ ‘ಪ್ರಿಯ ತಂದೆಯವರೇ’ ಎಂದು ಒಂದು ಕಾಗದ ಹಾಕಿದೆ. ವಿಷಯ ಮಾತ್ರ ಹಳೆಯದೇ: ಪರೀಕ್ಷೆಯ ಶುಲ್ಕಕ್ಕೆ ಹಣ ಬೇಕು. ವಾರದೊಳಗೆ ಮನಿಯಾರ್ಡರು ಬಂತು. ಅದರ ಕೂಪನ್ನಿನಲ್ಲಿ ತಂದೆಯವರು, ‘ನಿನ್ನ ಒಕ್ಕಣೆ ನೋಡಿ ನಿಮ್ಮಮ್ಮನಿಗೆ ನಗು ಬಂತು’ ಎಂದಷ್ಟೇ ಬರೆದಿದ್ದರು. ತಮಗೆ ಏನನ್ನಿಸಿತೆಂಬುದನ್ನು ಬರೆದಿರಲಿಲ್ಲ.

ಆ ‘ಡಿಯರ್’ ಎಂಬ ಪದವನ್ನು ಕುರಿತು ಈಗ ನಾಲ್ಕು ಮಾತು.

ಇದು ಇಂಗ್ಲಿಷಿನ ಬಹು ಹಳೆಯ ದೇಶ್ಯ ಪದಗಳಲ್ಲೊಂದು. ‘ಮೆಚ್ಚಿನ’ ಎಂಬುದು ಅದರ ಒಂದು ಅರ್ಥ. ‘ಹೆಚ್ಚು ಬೆಲೆಯ’ ಎಂಬುದು ಇನ್ನೊಂದು. ಈ ಎರಡೂ ಹಳೆಯ ಇಂಗ್ಲಿಷಿನ ಕಾಲದಿಂದಲೇ ಜೊತೆಜೊತೆಯಾಗಿ ಬಂದಿವೆ. ಅದರ ದಾಯಾದಿಯಾದ ಜರ್ಮನ್ ಪದವೂ ಇಂದಿಗೂ ಎರಡನ್ನೂ ಹೇಳುತ್ತದೆ. ಇದೇ ಪದಕ್ಕೆ ‘ಲಿಂಗ್’ ಎಂಬ ಪ್ರತ್ಯಯ ಸೇರಿ ‘ಡಾರ್ಲಿಂಗ್’ ಆಯಿತು. ಭಾವನಾಮದ ಪ್ರತ್ಯಯವೊಂದು ಸೇರಿದಾಗ ಹುಟ್ಟಿದ್ದು ‘ಡರ್ತ್’. ಎಂದರೆ ಅಭಾವ, ಕ್ಷಾಮ. ಕಾಳುಕಡ್ಡಿ ತುಟ್ಟಿಯಾದ ಕಾಲವೇ ಬರಗಾಲವಲ್ಲವೆ? ಒಂದೇ ತಾಯಿಯ ಮಕ್ಕಳಲ್ಲಿ ಒಂದು ಮುದ್ದು, ಇನ್ನೊಂದು ಬರ!

ದಿನಬಳಕೆಯಲ್ಲಿ ಈ ಪದದ ಅರ್ಥವು ಅದು ಕುಳಿತ ಸ್ಥಾನವನ್ನು ಅವಲಂಬಿಸಿದೆ. ‘ದಿಸ್ ಹೌಸ್ ಈಸ್ ಡಿಯರ್’ ಎಂದರೆ ಈ ಮನೆ ದುಬಾರಿ ಎಂದು. ಅದಕ್ಕೆ ‘ಟು ಮಿ’ ಎಂದು ಸೇರಿಸಿದೊಡನೆ, ಈ ಮನೆಯ ಮೇಲೆ ನನಗೆ ಮಮತೆ ಎಂದಾಗುತ್ತದೆ. ಎರಡು ಪುಟ್ಟ ಪದಗಳು ಪೇಟೆಯ ಮಾತನ್ನು ಮನೆಯ ಮಾತಾಗಿಸಿದವು. ‘ಓ ಡಿಯರ್!’ ಎಂಬುದು ಬರಿಯ ಉದ್ಗಾರ. ನಮ್ಮ ‘ಅಯ್ಯೋ’ ಇದ್ದ ಹಾಗೆ. ಇನ್ನು ‘ಡಿಯರ್ ಸರ್’ ಎಂಬ ಸಂಬೋಧನೆಯಲ್ಲಿ ಪ್ರೀತಿಯೂ ಇಲ್ಲ, ಬೆಲೆಯೂ ಇಲ್ಲ. ಸಾಲ ತೀರಿಸದಿದ್ದರೆ ಆಸ್ತಿ ಜಪ್ತಿಯಾದೀತೆಂದು ಎಚ್ಚರಿಸುವ ಕಾಗದವೂ ಹಾಗೆಯೇ ಆರಂಭವಾಗಬಹುದು. ಅದನ್ನು ‘ಪ್ರಿಯರೇ’ ಎಂದು ಅನುವಾದಿಸಿದರೆ ಅಭಾಸ. ‘ಮಾನ್ಯರೇ’ ಎಂಬುದೇ ತಕ್ಕ ಕನ್ನಡ.

ದೊಡ್ಡ ಲೇಖಕರು ಈ ಚಂಚಲತೆಯನ್ನು ಚೆನ್ನಾಗಿ ಬಲ್ಲರು. 1813ರಲ್ಲಿ ಪ್ರಕಟವಾದ ಜೇನ್ ಆಸ್ಟಿನ್ನಳ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಯ ಮೊದಲ ಅಧ್ಯಾಯದಲ್ಲಿ ಬೆನೆಟ್ ದಂಪತಿಗಳು ಒಬ್ಬರನ್ನೊಬ್ಬರು ಮತ್ತೆ ಮತ್ತೆ ‘ಮೈ ಡಿಯರ್’ ಎಂದೇ ಕರೆಯುತ್ತಾರೆ. ಹೆಂಡತಿಯ ಬಾಯಲ್ಲಿ ಅದು ಒಲಿಸಿಕೊಳ್ಳುವ ಉಪಾಯ; ಗಂಡನ ಬಾಯಲ್ಲಿ ಕೀಟಲೆ. ಹಲವು ವರ್ಷ ಒಂದೇ ಸೂರಿನಡಿ ಬಾಳಿಯೂ ಒಬ್ಬರಿಗೊಬ್ಬರು ಅರ್ಥವಾಗದ ಆ ದಾಂಪತ್ಯದ ಕಥೆಯನ್ನು ಪ್ರೀತಿಯ ಪದವೇ ಹೇಳಿಬಿಡುತ್ತದೆ. ಷೇಕ್ಸ್‌ಪಿಯರನಾದರೋ, 1609ರಲ್ಲಿ ಅಚ್ಚಾದ ತನ್ನ ಸಾನೆಟ್ಟುಗಳಲ್ಲಿ ಎಂಬತ್ತೇಳನೆಯದನ್ನು ಈ ಪದದ ಶ್ಲೇಷೆಯಿಂದಲೇ ತೆರೆಯುತ್ತಾನೆ. ಬೀಳ್ಕೊಡುತ್ತಿರುವ ಗೆಳೆಯ ತನಗೆ ಪ್ರಿಯನೂ ಹೌದು, ತನ್ನ ಕೈಗೆಟುಕದಷ್ಟು ಬೆಲೆಯವನೂ ಹೌದು. ಮುಂದೆ ಕವಿತೆಯ ಉದ್ದಕ್ಕೂ ಕರಾರು, ಹಕ್ಕುಪತ್ರಗಳ ಭಾಷೆ. ಪ್ರೇಮದ ನೋವನ್ನು ಲೇವಾದೇವಿಯ ಮಾತಿನಲ್ಲಿ ಹೇಳಲು ಅವನಿಗೆ ದಾರಿ ಮಾಡಿಕೊಟ್ಟದ್ದು ಈ ಒಂದು ಪದ.

ಒಲವಿಗೂ ಬೆಲೆಗೂ ಇರುವ ಈ ನಂಟು ನಮಗೆ ಹೊಸದೇನೂ ಅಲ್ಲ. ನಮ್ಮ ತಾಯಂದಿರು ಮಕ್ಕಳನ್ನು ಬಂಗಾರ ಎನ್ನುತ್ತಾರೆ, ಮುತ್ತು ಎನ್ನುತ್ತಾರೆ. ಮನೆಯಲ್ಲಿ ಗುಲಗಂಜಿ ತೂಕದ ಬಂಗಾರವಿಲ್ಲದವರೂ ಹಾಗೆಯೇ ಕರೆಯುತ್ತಾರೆ. ಆದರೆ ಆ ಮಾತು ಕೆಳಗಿಳಿದು ಬರುತ್ತದೆ, ಹಿರಿಯರಿಂದ ಕಿರಿಯರಿಗೆ. ಕಿರಿಯರಿಂದ ಹಿರಿಯರಿಗೆ ಏರಿಹೋಗಬೇಕಾದಾಗ ನಮ್ಮಲ್ಲಿ ಪ್ರೀತಿಯು ಗೌರವದ ಉಡುಪನ್ನು ತೊಟ್ಟುಕೊಳ್ಳುತ್ತದೆ. ‘ಡಿಯರ್’ ಎಂಬುದಕ್ಕೆ ಈ ಮೇಲುಕೆಳಗಿನ ಹಂಗಿಲ್ಲ. ತಂದೆಗೂ ಸಲ್ಲುತ್ತದೆ, ಮಗುವಿಗೂ ಸಲ್ಲುತ್ತದೆ. ನಿಘಂಟಿನಲ್ಲಿ ಅದಕ್ಕೆ ಸಮಪದ ಸಿಕ್ಕೀತು. ನಮ್ಮ ಮನೆಗಳಲ್ಲಿ ಸಿಕ್ಕುವುದು ಕಷ್ಟ.

ನನ್ನ ಕಾಗದದ ವಿಷಯಕ್ಕೆ ಮರಳುತ್ತೇನೆ. ಆ ಶುಲ್ಕದ ಹಣಕ್ಕಾಗಿ ತಂದೆಯವರು ಮನೆಯಲ್ಲಿ ಹಾಲು ಕೊಡುತ್ತಿದ್ದ ಒಂದೇ ಹಸುವನ್ನು ಮಾರಿದ್ದರೆಂಬುದು ರಜೆಗೆ ಊರಿಗೆ ಹೋಗಿ ಬರಿದಾದ ಕೊಟ್ಟಿಗೆಯನ್ನು ಕಂಡಾಗ ನನಗೆ ತಿಳಿಯಿತು. ನಾನು ಬರೆದ ‘ಪ್ರಿಯ’ಕ್ಕೆ ಇದ್ದುದು ಒಂದೇ ಅರ್ಥ. ‘ಡಿಯರ್’ ಎಂಬುದಕ್ಕಿರುವ ಇನ್ನೊಂದು ಅರ್ಥವನ್ನು, ಇಂಗ್ಲಿಷಿನ ಒಂದಕ್ಷರವೂ ಬಾರದ ಅವರು ತೆತ್ತಿದ್ದರು. ಮುಂದಿನ ಕಾಗದದಿಂದ ನಾನು ಮತ್ತೆ ‘ತೀರ್ಥರೂಪ’ ಎಂದೇ ಬರೆದೆ. ‘ಪ್ರಿಯ’ ಎಂಬ ಒಕ್ಕಣೆ ಅವರಿಗೆ ಹಿಡಿಸಿತ್ತೇ ಎಂದು ಅವರಿರುವಾಗ ಒಮ್ಮೆ ಕೇಳಬಹುದಾಗಿತ್ತು, ಕೇಳಲಿಲ್ಲ.